ಡೈರೆಕ್ಟರಿಯೊಂದರ ಮನೆ ಬದಲಿಸಲು ಮೂರು ಆವೃತ್ತಿ ಬೇಕಿತ್ತೇ?

‘ಡೆಬಿಯನ್ ನಿಧಾನ, ಅದಕ್ಕೇ ಗಟ್ಟಿ’ ಎಂದು ಆ ಲಿನಕ್ಸ್ ವಿತರಣೆಯ ಬಗ್ಗೆ ಆಡುವ ಮಾತು ಕೇಳಿ ಕೇಳಿ ರೋಸಿಹೋಗಿದ್ದೇನೆ. ಅದಕ್ಕೆ ಸಾಕ್ಷಿ ಕೇಳಿದರೆ 1999ರ ಕಥೆ ತೆಗೆಯುತ್ತಾರೆ. ಕೈಪಿಡಿಗಳನ್ನೆಲ್ಲ /ಯುಎಸ್‌ಆರ್/ಡಾಕ್‌ನಿಂದ /ಯುಎಸ್‌ಆರ್/ಶೇರ್/ಡಾಕ್‌ಗೆ ಸಾಗಿಸಿದರಲ್ಲ, ಯಾರ ಯಂತ್ರವಾದರೂ ಕೆಟ್ಟಿತೇ ಎನ್ನುತ್ತಾರೆ. ಆ ಡೈರೆಕ್ಟರಿಯನ್ನು ಓದಿಯೇ ನಾನು ಈ ಕೆಲಸ ಕಲಿತದ್ದು. ಅಲ್ಲಿ ನಡೆದದ್ದಕ್ಕೆ ಎಚ್ಚರಿಕೆ ಎಂದು ಹೆಸರಿಡಲು ನನ್ನಿಂದಾಗದು. ರಿಪೇರಿ ಮಾಡಬೇಕಾದ್ದನ್ನು ಮಾಡದೆ ದಿನ ತಳ್ಳಿದರು, ಅಷ್ಟೆ.

ಸಾಗಿಸಬೇಕೆಂಬ ವಿಚಾರದಲ್ಲಿ ತಪ್ಪಿರಲಿಲ್ಲ. ಕೈಪಿಡಿ ಇಂಟೆಲ್ ಯಂತ್ರಕ್ಕೂ ಒಂದೇ, ಆಲ್ಫಾ, ಸ್ಪಾರ್ಕ್‌ಗಳಿಗೂ ಒಂದೇ. ‘ಶೇರ್’ ಒಳಗಿದ್ದರೆ ಒಂದು ಸರ್ವರ್‌ನಲ್ಲಿಟ್ಟು ಎಲ್ಲಕ್ಕೂ ಹಂಚಬಹುದು. ಯಾವ ಫೈಲ್ ಎಲ್ಲಿರಬೇಕೆಂದು ಹೇಳುವ ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್‌ನ 2.0 ಆವೃತ್ತಿ 1997ರಲ್ಲೇ ಇದನ್ನು ಹೇಳಿತ್ತು. ಡೆಬಿಯನ್ ಒಪ್ಪಿದ್ದು 1999ರಲ್ಲಿ. ಒಪ್ಪಿದ ಮೇಲೆ ಶುರುವಾಯಿತು ಜಗಳ: ಮುಂದಿನ ಆವೃತ್ತಿಯಾದ ಪೊಟ್ಯಾಟೊ ಬಿಡುಗಡೆಗೆ ಮುಂಚೆಯೋ, ಆಮೇಲೋ? ಪಂಚಾಯಿತಿ ತಾಂತ್ರಿಕ ಸಮಿತಿಯವರೆಗೆ ಹೋಯಿತು. ಪ್ಯಾಕೇಜ್‌ಗಳು ಒಂದೊಂದಾಗಿ ಹೊಸ ಜಾಗಕ್ಕೆ ಹೋಗಲಿ, ಹೋದದ್ದು ಹಳೆಯ ಜಾಗದಲ್ಲಿ ಹೊಸ ಜಾಗವನ್ನು ತೋರಿಸುವ ಒಂದು ಸಿಮ್‌ಲಿಂಕ್ ಬಿಡಲಿ, ಮುಂದೊಂದು ದಿನ ಆ ಸಿಮ್‌ಲಿಂಕ್‌ಗಳನ್ನೂ ತೆಗೆದರಾಯಿತು ಎಂದು ತೀರ್ಮಾನವಾಯಿತು. ಈ ಹಂತಗಳನ್ನು ಮೂರು ಆವೃತ್ತಿಗಳಿಗೆ ಹಂಚಿದರು: ಪೊಟ್ಯಾಟೊ ಬಂದದ್ದು 2000ರ ಆಗಸ್ಟ್‌ನಲ್ಲಿ, ವುಡಿ 2002ರ ಜುಲೈನಲ್ಲಿ, ಅದರ ಮುಂದಿನ ಸಾರ್ಜ್ 2005ರ ಜೂನ್‌ನಲ್ಲಿ. ಒಂದು ಡೈರೆಕ್ಟರಿಗೆ ಮೂರು ಆವೃತ್ತಿಗಳ ಯೋಜನೆ!

ಪೊಟ್ಯಾಟೊ ಹಾಕಿದ ಯಂತ್ರದ ಮುಂದೆ ಕೂತವರಿಗೆ ಕಂಡದ್ದೇನು? ಹಳೆಯ ಜಾಗದಲ್ಲಿ ‘ಎಲ್‌ಎಸ್’ ಹೊಡೆದರೆ ಪರದೆಯ ತುಂಬ ಎರಡು ಬಣ್ಣ. ಇನ್ನೂ ಹೊರಡದ ಡೈರೆಕ್ಟರಿಗಳು ಕಡು ನೀಲಿ, ಹೊರಟುಹೋದವುಗಳ ಸಿಮ್‌ಲಿಂಕ್ ತಿಳಿ ನೀಲಿ. ಹೊಸ ಜಾಗಕ್ಕೆ ಹೋದರೆ ಬಂದಿರುವವು ಮಾತ್ರ ಇವೆ, ಉಳಿದವುಗಳ ಸುಳಿವಿಲ್ಲ. ನಿಯಮ ಹೇಳುವ ವಿಳಾಸದಲ್ಲಿ ಅರೆಬರೆ, ನಿಯಮ ಕೈಬಿಟ್ಟ ವಿಳಾಸದಲ್ಲಿ ಎಲ್ಲವೂ. ಆಗ ಡಯಲ್-ಅಪ್‌ಗೆ ಬಿಲ್ ಎಣಿಸಿಕೊಂಡು ಕೂರಬೇಕಿತ್ತು. ಲಿನಕ್ಸ್ ಕಲಿಯುವವರಿಗೆ ಸಿಡಿಯೇ ಗತಿ, ಆ ಸಿಡಿಯೊಳಗಿನ ಕೈಪಿಡಿಯೇ ಮೇಷ್ಟ್ರು. ನಿಘಂಟು ಪಕ್ಕದಲ್ಲಿಟ್ಟುಕೊಂಡು ‘ಝಡ್‌ಲೆಸ್’ನಲ್ಲಿ ಸಾಲು ಸಾಲಾಗಿ ಓದುತ್ತಿದ್ದ ಕನ್ನಡ ಮಾಧ್ಯಮದ ಹುಡುಗರನ್ನು ನಾನು ಬಲ್ಲೆ. ಅವರಿಗೆ ಇದು ನಯವಾದ ಸಾಗಾಟ ಎಂದು ಹೇಳುವ ಧೈರ್ಯ ಯಾರಿಗಿದೆ?

ಬೇನೆ ಇದ್ದದ್ದು ಪ್ಯಾಕೇಜ್‌ಗಳನ್ನು ಯಂತ್ರಕ್ಕೆ ಹಾಕುವ ಪ್ರೋಗ್ರಾಂ ಡಿಪಿಕೆಜಿಯಲ್ಲಿ. ಡೈರೆಕ್ಟರಿ ಇದ್ದ ಜಾಗಕ್ಕೆ ಹೊಸ ಪ್ಯಾಕೇಜ್ ಸಿಮ್‌ಲಿಂಕ್ ತಂದರೆ ಡಿಪಿಕೆಜಿ ಅದನ್ನು ಹಾಕುವುದಿಲ್ಲ, ಡೈರೆಕ್ಟರಿಯನ್ನೇ ಉಳಿಸುತ್ತದೆ. ಒಂದೇ ಫೈಲಿಗೆ ಎರಡು ದಾರಿಗಳಿದ್ದರೆ ಅದರ ಲೆಕ್ಕ ತಪ್ಪುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ತಿದ್ದಬೇಕಾದ ಪ್ರೋಗ್ರಾಂ ಒಂದು. ತಿದ್ದಲು ಹೊರಟದ್ದು ಪ್ಯಾಕೇಜ್‌ಗಳನ್ನು, ಪೊಟ್ಯಾಟೊದಲ್ಲಿ ಅವು 3900ಕ್ಕೂ ಹೆಚ್ಚು. ಸಿಮ್‌ಲಿಂಕ್ ಹಾಕಲು, ಪ್ಯಾಕೇಜ್ ಹಾಕಿದ ಮೇಲೆ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟ್‌ನಲ್ಲಿ ಕೆಲವು ಸಾಲು; ಕೀಳಲು, ಪ್ಯಾಕೇಜ್ ತೆಗೆಯುವ ಮುನ್ನ ಓಡುವ ಪ್ರಿಆರ್‌ಎಮ್‌ನಲ್ಲಿ ಕೆಲವು ಸಾಲು. ಪ್ಯಾಕೇಜ್ ಕಟ್ಟುವ ಸಾಧನ ಡೆಬ್‌ಹೆಲ್ಪರ್ ಬಳಸಿದವರಿಗೆ ಅದು ತಾನಾಗಿ ಸೇರಿತು, ಬಳಸದವರು ಕೈಯಾರೆ ಬರೆದರು. ಒಂದು ಪ್ರೋಗ್ರಾಂ ಎಲ್ಲಿ, 3900 ಪ್ಯಾಕೇಜ್ ಎಲ್ಲಿ! ‘ಯಾವಾಗ’ ಎಂದು ತಿಂಗಳುಗಟ್ಟಲೆ ವಾದಿಸಿದವರು ‘ಡಿಪಿಕೆಜಿ ಯಾಕೆ ಹೀಗಿದೆ’ ಎಂಬಲ್ಲಿ ಪಟ್ಟು ಹಿಡಿಯಲಿಲ್ಲ.

ಕೈಪಿಡಿ ಅಂದರೆ ಮೊದಲಿನಿಂದಲೂ ತಾತ್ಸಾರವೇ. ಸರ್ವರ್‌ನ ಒಂದು ಫೈಲ್ ಹೀಗೆ ಎರಡು ಮನೆಗಳ ನಡುವೆ ವರ್ಷಗಟ್ಟಲೆ ನೇತಾಡಿದ್ದರೆ ಯಾರೂ ಸುಮ್ಮನಿರುತ್ತಿರಲಿಲ್ಲ. ಇಂದು ಡಾಕರ್‌ಗೆಂದು ಮಾಡಿರುವ ಡೆಬಿಯನ್‌ನ ‘ಸ್ಲಿಮ್’ ಇಮೇಜ್ ಇಳಿಸಿಕೊಂಡು ನೋಡಿ. ಜಾಗ ಉಳಿಸಲೆಂದು ಮೊದಲು ಕತ್ತರಿಸಿದವುಗಳಲ್ಲಿ ಕೈಪಿಡಿ ಇದೆ, ಮ್ಯಾನ್ ಪುಟಗಳಿವೆ. ಅಷ್ಟು ಜಗಳವಾಡಿ ಕಟ್ಟಿದ ಹೊಸ ಮನೆಯಲ್ಲಿ ಈಗ ಲೈಸೆನ್ಸ್ ಫೈಲ್ ಬಿಟ್ಟರೆ ಓದಲು ಏನೂ ಸಿಗದು. ಕಲಿಯಲು ಬರುವ ಮಕ್ಕಳಿಗೆ ನಾವು ಕೊಡುತ್ತಿರುವುದು ಇಂಥ ಖಾಲಿ ಯಂತ್ರಗಳನ್ನು.

1999ರದ್ದು ಹಳೆಯ ಮಾತು, ಬಿಡಿ ಎನ್ನುವವರು /ಬಿನ್ ಅನ್ನು /ಯುಎಸ್‌ಆರ್/ಬಿನ್‌ಗೆ ಸೇರಿಸಿದ ಬಗೆಯನ್ನೂ ನೋಡಲಿ. ಇನ್ನೊಂದು ವಿತರಣೆ ಫೆಡೋರಾ ಅದನ್ನು 2012ರಲ್ಲಿ, 17ನೇ ಆವೃತ್ತಿಯೊಂದರಲ್ಲೇ ಮುಗಿಸಿತು. ಡೆಬಿಯನ್‌ನಲ್ಲಿ ಮತ್ತೆ ಸಮಿತಿ, ಮತ್ತೆ ‘ಯಾವಾಗ’. ಎರಡು ದಾರಿಗಳ ಅದೇ ಲೆಕ್ಕ ಡಿಪಿಕೆಜಿಗೆ ಈಗಲೂ ಬಾರದ್ದರಿಂದ, ಬುಕ್‌ವರ್ಮ್ ಆವೃತ್ತಿ ಬರುವ ತನಕ ಫೈಲ್‌ಗಳನ್ನು ಅತ್ತಿತ್ತ ಸರಿಸಲೇಬೇಡಿ ಎಂದು ಪ್ಯಾಕೇಜ್ ನೋಡಿಕೊಳ್ಳುವವರಿಗೆ ತಾಕೀತು ಮಾಡಬೇಕಾಯಿತು. 2023ರ ಜೂನ್‌ನಲ್ಲಿ ಬುಕ್‌ವರ್ಮ್ ಬಂತು. ಆಮೇಲಾದರೂ ಡಿಪಿಕೆಜಿಯನ್ನು ತಿದ್ದಿದರೇ? ಇಲ್ಲ. 2025ರ ಆಗಸ್ಟ್‌ನ ಟ್ರಿಕ್ಸಿ ಆವೃತ್ತಿಗಾಗಿ ಪ್ಯಾಕೇಜ್‌ಗಳನ್ನೇ ಒಂದೊಂದಾಗಿ ಬಿಚ್ಚಿ, ಒಳಗಿನ ವಿಳಾಸ ಬದಲಿಸಿ, ಮತ್ತೆ ಕಟ್ಟಿದರು.