ಗರಡಿಯ ಮಣ್ಣು, ಡೋಜೋದ ನೆಲ

ಕಳೆದ ಶ್ರಾವಣದಲ್ಲಿ ಚಾರ್ಮಾಡಿ ಘಾಟಿಯನ್ನಿಳಿದು ಕಕ್ಕಿಂಜೆಗೆ ಹೋಗಿದ್ದೆನು. ಉದ್ಯೋಗನಿಮಿತ್ತ ಅಲ್ಲಿ ನೆಲೆಸಿರುವ ಬಂಧುಗಳ ಮನೆಯಲ್ಲಿ ಪ್ರಸಾದವಾದ ಬಳಿಕ ಮನೆಯೊಡತಿ ಅಳುಕುತ್ತ ಕೇಳಿದರು: "ಶಾಸ್ತ್ರಿಗಳೇ, ಹುಡುಗ ಕರಾಟೆ ಕಲಿಯುತ್ತಿದ್ದಾನೆ. ಹಳದಿ ಬೆಲ್ಟು ಬಂದ ವಾರದಲ್ಲೇ ಸಹಪಾಠಿಯ ಮೂಗಿಗೆ ಹೊಡೆದು ರಕ್ತ ಬರಿಸಿದ. ಬಿಡಿಸಿಬಿಡಲೇ?"

"ಬಿಡಿಸಬೇಡ ತಾಯೀ, ಪೂರ್ತಿ ಕಲಿಸು" ಎಂದೆನು. ಹಾಗೇಕೆ ಹೇಳಿದೆನೆಂಬುದನ್ನು ವಾಚಕರಿಗೂ ನಿವೇದಿಸುವುದು ಉಚಿತವೆನಿಸಿತು.

ಕರಾಟೆಯ ತವರು ಒಕಿನಾವ ದ್ವೀಪ. ಅಲ್ಲಿಯ ಶಿಕ್ಷಕ ಗಿಚಿನ್ ಫುನಕೋಶಿಯವರು 1922ರಲ್ಲಿ ಟೋಕಿಯೋದಲ್ಲಿ ಈ ವಿದ್ಯೆಯನ್ನು ಪ್ರದರ್ಶಿಸಿ, ಅಲ್ಲಿಯೇ ನೆಲೆಸಿ ಬೋಧಿಸಿದರು. ಮೊದಲು 'ಚೀನಾದ ಕೈ' ಎಂಬರ್ಥದ ಲಿಪಿಯಲ್ಲಿ ಬರೆಯುತ್ತಿದ್ದ ಹೆಸರು ಮುಂದೆ 'ಬರಿಗೈ' ಎಂದಾಯಿತು. ಆ 'ಬರಿದು' ಎಂಬ ಅಕ್ಷರವೇ ಬೌದ್ಧರ 'ಶೂನ್ಯ'ಕ್ಕೂ ಸಲ್ಲುತ್ತದೆ. ಕೈಯಲ್ಲಿ ಆಯುಧವಿಲ್ಲದಿದ್ದರೆ ಸಾಲದು, ಮನಸ್ಸಿನಲ್ಲಿ ಅಹಂಕಾರವೂ ಇರಬಾರದೆಂಬುದು ಫುನಕೋಶಿಯವರ ವಿವರಣೆ.

ಅಭ್ಯಾಸದ ಮನೆಗೆ ಜಪಾನೀಯರು 'ಡೋಜೋ' ಎನ್ನುತ್ತಾರೆ. ಬುದ್ಧನಿಗೆ ಅರಿವುಂಟಾದ ಸ್ಥಾನವಾದ 'ಬೋಧಿಮಂಡ'ಕ್ಕೆ ಚೀನೀಯರು ಮಾಡಿಕೊಂಡ ಅನುವಾದವೇ ಈ ಪದದ ಮೂಲ. ನಮ್ಮ 'ಗರಡಿ' ಎಂಬ ಪದವನ್ನು ನೋಡಿರಿ. ಘಟ್ಟದ ಮೇಲೆ ಅದು ಕುಸ್ತಿಯ ಮನೆ. ತುಳುನಾಡಿನಲ್ಲಿ ಕೋಟಿ-ಚೆನ್ನಯರನ್ನು ಆರಾಧಿಸುವ ಗುಡಿ. ಅಲ್ಲಿ ಅರಿವಿನ ಸ್ಥಾನದ ಹೆಸರು ವ್ಯಾಯಾಮದ ಮನೆಗೆ ಬಂದಿತು. ಇಲ್ಲಿ ವ್ಯಾಯಾಮದ ಮನೆಯ ಹೆಸರು ಗುಡಿಗೆ ಸಂದಿತು. ದೇಹಸಾಧನೆಯೂ ಆತ್ಮಸಾಧನೆಯೂ ನೆರೆಹೊರೆಯವೆಂದು ಎರಡು ನಾಡಿನವರೂ ಬಲ್ಲರು.

ನಾನೂ ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ಸಂಜೆ ಗರಡಿಗೆ ಹೋಗುತ್ತಿದ್ದೆನು. ಒಮ್ಮೆ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಜಾಗದ ಕ್ಷುಲ್ಲಕ ಜಗಳಕ್ಕೆ, ನನಗಿಂತ ದುರ್ಬಲನಾದ ಹುಡುಗನೊಬ್ಬನನ್ನು ಎತ್ತಿ ಒಗೆದೆನು. ಅವನ ಮುಂಗೈ ಮೂಳೆ ಮುರಿಯಿತು. ವಸ್ತಾದರು ಬೈಯಲಿಲ್ಲ. ಒಂದು ತಿಂಗಳು ಕುಸ್ತಿ ಹಿಡಿಯಕೂಡದು, ದಿನವೂ ಅಖಾಡದ ಕೆಮ್ಮಣ್ಣನ್ನು ಅಗೆದು, ಮಜ್ಜಿಗೆ-ಎಣ್ಣೆ ಬೆರೆಸಿ ಹದಗೊಳಿಸಬೇಕೆಂದರು. ಬೀಳುವವನಿಗೆ ಪೆಟ್ಟಾಗದಂತೆ ಮಣ್ಣನ್ನು ಮೆದುವಾಗಿಡುವುದು ಕುಸ್ತಿಯ ಮೊದಲ ಪಾಠವೆಂಬುದು ಆ ತಿಂಗಳಲ್ಲಿ ನನಗೆ ತಿಳಿಯಿತು. ಆ ಮುರಿದ ಕೈ ಇಂದಿಗೂ ನೆನಪಿನಲ್ಲಿದೆ.

ಹುಡುಗನನ್ನು ಕರೆದು ಕೇಳಿದೆನು: "ಅಭ್ಯಾಸದ ಆರಂಭದಲ್ಲಿ ಏನು ಮಾಡುವಿರಿ?"

"ಬಾಗಿ ನಮಸ್ಕಾರ, ಅಜ್ಜಾ."

"ಕೊನೆಯಲ್ಲಿ?"

"ಆಗಲೂ ನಮಸ್ಕಾರ."

"ಆ ಗೆಳೆಯನಿಗೆ ಮಾಡಿದೆಯಾ?"

ಹುಡುಗ ತಲೆ ತಗ್ಗಿಸಿದನು. ಮರುದಿನ ಬೆಳಿಗ್ಗೆ ತಾಯಿಯೊಡನೆ ಆ ಗೆಳೆಯನ ಮನೆಗೆ ಹೋಗಿಬಂದನು.

ಕಪ್ಪು ಬೆಲ್ಟಿನ ಮೊದಲ ಮೆಟ್ಟಿಲಿಗೆ ಜಪಾನೀಯರು 'ಶೋದಾನ್' ಎನ್ನುತ್ತಾರೆ, ಆರಂಭದ ಹಂತವೆಂದರ್ಥ. ನಾವು ಮುಗಿಯಿತೆಂದು ತಿಳಿಯುವಲ್ಲಿ ಅವರಿಗೆ ಕಲಿಕೆ ತೊಡಗುತ್ತದೆ. ಇಂದು ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಆತ್ಮರಕ್ಷಣೆಯ ವಿದ್ಯೆ ಅವಶ್ಯ, ಕಳುಹಿಸಿರಿ. ಆದರೆ ಎಷ್ಟು ತಿಂಗಳಿಗೆ ಕಪ್ಪು ಬೆಲ್ಟು ಬರುವುದೆಂದು ಗುರುವನ್ನು ಕೇಳಬೇಡಿರಿ. ಮಗು ಕಲಿತ ವಿದ್ಯೆಯಿಂದ ದುರ್ಬಲನನ್ನು ಹೊಡೆದು ಬಂದ ದಿನ ತಾವೇನು ಮಾಡುವಿರೆಂದು ಕೇಳಿರಿ. ಆ ಉತ್ತರದಿಂದಲೇ ಗುರುವನ್ನು ಆರಿಸಿಕೊಳ್ಳಿರಿ.