ಮೊಣಕೈಗೆ ಬೆಲ್ಲ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ನಾವು ಹಣೆಬರಹವನ್ನು ಹಳಿಯುವುದುಂಟು. ಕೈಗೂ ಬಾಯಿಗೂ ನಡುವೆ ಮೊಣಕೈಯೆಂಬುದೊಂದು ಕೀಲಿದೆ, ತುತ್ತು ಮೇಲೇರುವುದು ಅದರ ಕೃಪೆಯಿಂದ ಎಂಬ ಸಂಗತಿ ಮಾತ್ರ, ಅದು ನೋಯತೊಡಗುವ ತನಕ ನಮ್ಮ ಗಮನಕ್ಕೆ ಬಾರದು. ಹೂವಾಡಗಿತ್ತಿ ಮಲ್ಲಿಗೆಯನ್ನು ಮೊಳ ಹಾಕುವುದು ಮೊಣಕೈಯಿಂದ. ಮಲ್ಲನು ಎದುರಾಳಿಯನ್ನು ಮಣ್ಣಿಗೆ ಒತ್ತುವುದು ಅದರ ಬಲದಿಂದ. ನನ್ನಂಥ ಅಧ್ಯಾಪಕನು ಕರಿಹಲಗೆಯ ಮೇಲೆ ಛಂದಸ್ಸಿನ ಗಣಗಳನ್ನು ಬರೆಯುವುದೂ ಅದರಿಂದಲೇ. ಇಂಥ ಉಪಕಾರಿಗೆ ನಾನು ಮಾಡಿದ ಸನ್ಮಾನದ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತೇನೆ. ಅದರಲ್ಲಿ ನನ್ನ ಹೆಡ್ಡತನವೇ ಹೆಚ್ಚಾಗಿದೆ. ಆದರೂ ಕೇಳಿದವರಿಗೆ ನಾಲ್ಕು ಕಾಸು ಉಳಿದೀತು.

ನಮ್ಮ ಅಕ್ಕನನ್ನು ಕೊಟ್ಟಿರುವುದು ಗಡಿಯ ತಾಲ್ಲೂಕಾದ ಆಳಂದದ ಸರಸಂಬಾಕ್ಕೆ. ಕಳೆದ ಬೇಸಗೆಯ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಅವಳ ಮಗ ಮೊಣಕೈ ಹಿಡಿದುಕೊಂಡೇ ಎದುರಾದನು. ಹುಡುಗನಿಗೆ ಸಂಜೆಯಾದರೆ ವಾಲಿಬಾಲು, ಜಾತ್ರೆ ಬಂದರೆ ಕುಸ್ತಿ. ಚೆಂಡಿಗಾಗಿ ಗಟ್ಟಿನೆಲದ ಮೇಲೆ ಬಿದ್ದು ಬಿದ್ದು ಮೊಣಕೈಯ ತುದಿ ತರಚಿಹೋಗಿತ್ತು. ಅದು ಸಾಲದೆಂಬಂತೆ, ಹಿಂದಿನ ವಾರ ಅಖಾಡದಲ್ಲಿ ತೋಳು ಹಿಮ್ಮುಖವಾಗಿ ಒಮ್ಮೆ ಬಾಗಿ ಒಳಗೆಲ್ಲೋ ಸೆಳೆತವೂ ಉಳಿದಿತ್ತು.

"ಮಾಮಾ, ಟಿ.ವಿ.ಯಾಗ ಆಟಗಾರ್‍ರು ಕೈಗೆ ಕರೀದು ಹಾಕ್ಕೊಂಡಿರ್ತಾರಲ್ರಿ, ಅಂಥಾದು ನನಗೊಂದು ಕೊಡಸ್ರಿ" ಎಂದನು.

ಸೋದರಳಿಯನ ಮಾತನ್ನು ತೆಗೆದುಹಾಕುವುದುಂಟೆ? ಕಲಬುರಗಿಗೆ ಬಂದೊಡನೆ ಒಂದು ಅಂಗಡಿಯನ್ನು ಹೊಕ್ಕೆ. ಯಾವ ಆಟಕ್ಕೆ ಯಾವುದು ಒಳ್ಳೆಯದೆಂದು ಕೇಳಿದ್ದಕ್ಕೆ, ಅಂಗಡಿಯವರು ಎರಡೂ ಮಗ್ಗುಲಿಗೆ ಕಬ್ಬಿಣದ ಪಟ್ಟಿಯೂ ನಡುವೆ ತಿರುಗಣಿಯೂ ಉಳ್ಳ ಒಂದು ಭಾರಿ ಸಾಧನವನ್ನು ಮುಂದಿಟ್ಟು, "ಎಲ್ಲಾ ಆಟಕ್ಕೂ ಆಗ್ತದ" ಎಂದರು. ಬೆಲೆ ಹೆಚ್ಚಿದ್ದುದರಿಂದ ಗುಣವೂ ಹೆಚ್ಚಿರಬೇಕೆಂದು ತರ್ಕಿಸಿ ಕೊಂಡುಬಿಟ್ಟೆ. ವಿದ್ಯಾವಂತರ ತರ್ಕ!

ಊರಿನ ವಸ್ತಾದರು ಅದನ್ನು ಕೈಯಲ್ಲಿ ಹಿಡಿದು ತೂಗಿನೋಡಿ ನಕ್ಕರು. "ಇದು ಹಾಕ್ಕೊಂಡು ಅಖಾಡಕ್ಕ ಇಳದ್ರ ಎದುರಿನಂವನ ಮಾರಿ ಉಳೀತದೇನ್ರಿ ಸರ?" ವಾಲಿಬಾಲಿನಲ್ಲಿಯೂ ಅದರಿಂದ ಪ್ರಯೋಜನವಾಗಲಿಲ್ಲ. ತರಚುತ್ತಿದ್ದ ಮೊಣಕೈಯ ತುದಿಯನ್ನೇ ಅದು ಬಯಲಿಗೆ ಬಿಟ್ಟಿತ್ತು.

ಕಡೆಗೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಹುಡುಗನನ್ನು ಕಲಬುರಗಿಯಲ್ಲಿ ಪರಿಚಯದ ಎಲುಬಿನ ಡಾಕ್ಟರರ ಬಳಿಗೆ ಕರೆದೊಯ್ದೆ. ಪೇಟೆಯ ಕೆಲಸವಿದ್ದುದರಿಂದ ಅಕ್ಕನೂ ಜತೆಗೆ ಬಂದಿದ್ದಳು. ಡಾಕ್ಟರರು ಹುಡುಗನ ತೋಳನ್ನು ಮಡಿಸಿ, ಚಾಚಿ, ಒತ್ತಿ ನೋಡಿದ ಮೇಲೆ ಹೇಳಿದ ಮಾತು ಇದು: "ಆಟದ ಹೆಸರಿನಿಂದ ಆರಂಭಿಸಬೇಡಿ. ಮೊಣಕೈಗೆ ಕೇಡು ಬರುವ ದಾರಿಗಳು ಮುಖ್ಯವಾಗಿ ಮೂರು: ಹೊರಗಿನ ಪೆಟ್ಟು, ಒಳಗಿನ ಸೆಳೆತ, ಕೀಲು ಬಾಗಬಾರದ ಕಡೆಗೆ ಬಾಗುವುದು. ನಿಮ್ಮದು ಯಾವ ದಾರಿಯೆಂದು ತಿಳಿದರೆ ಪಟ್ಟಿ ಯಾವುದೆಂದು ತಾನೇ ತಿಳಿಯುತ್ತದೆ."

ಅವರ ಬೋಧೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಪೆಟ್ಟಿನ ಭಯವಿದ್ದಲ್ಲಿ ಬೇಕಾದುದು ಮೆತ್ತೆ. ವಾಲಿಬಾಲಿನಲ್ಲಿ ನೆಲಕ್ಕೆ ಬೀಳುವವರಿಗೂ ಫುಟ್ಬಾಲಿನ ಗೋಲಿಗೂ ಮೆತ್ತೆಯಿಟ್ಟು ಹೊಲಿದ ತೋಳುಚೀಲ ಸಾಕು. ಗಾಲಿಜೋಡು ತೊಟ್ಟು ಸಿಮೆಂಟಿನ ಮೇಲೆ ಓಡುವ ಮಕ್ಕಳಿಗಾದರೆ ಮೆತ್ತೆಯ ಮೇಲೆ ಗಟ್ಟಿ ಚಿಪ್ಪೂ ಇರತಕ್ಕದ್ದು. ಕ್ರಿಕೆಟ್ ದಾಂಡಿಗನು ಬೌಲರನ ಕಡೆಗಿರುವ ತೋಳಿಗೆ ಕಟ್ಟುವ ರಕ್ಷೆಯೂ ಇದೇ ಜಾತಿಯದು. ಕೊಳ್ಳುವಾಗ ತೋಳನ್ನು ಪೂರ್ತಿ ಮಡಿಸಿ ನೋಡಬೇಕು. ಮಡಿಸಿದಾಗ ತುದಿಯ ಎಲುಬು ಮೆತ್ತೆಯಿಂದ ಹೊರಗಿಣುಕಿದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು.

ಸೆಳೆತದ ನೋವು ಬೇರೆ ಬಗೆಯದು. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳೆಲ್ಲ ಮೊಣಕೈಯ ಹೊರಮಗ್ಗುಲಿನ ಎಲುಬಿಗೆ ಬಂದು ಅಂಟಿಕೊಳ್ಳುತ್ತವೆ. ಟೆನಿಸ್, ಬ್ಯಾಡ್ಮಿಂಟನ್ ಆಟಗಳಲ್ಲಿ ಹಿಡಿಯನ್ನು ಬಿಗಿದು ಮತ್ತೆ ಮತ್ತೆ ಬೀಸುವುದರಿಂದ ಆ ಅಂಟು ಜರ್ಜರಿತವಾಗುತ್ತದೆ. ಇದೇ ಲೋಕಪ್ರಸಿದ್ಧವಾದ 'ಟೆನಿಸ್ ಎಲ್ಬೋ'. ಒಳಮಗ್ಗುಲಿಗೆ ಬಂದರೆ ಅದಕ್ಕೆ ಗಾಲ್ಫ್ ಆಟದ ಹೆಸರು. ಇಂಥ ನೋವಿಗೆ ಇಡೀ ತೋಳನ್ನು ಮುಚ್ಚಬೇಕಾಗಿಲ್ಲ. ಎರಡು ಮೂರು ಬೆರಳಗಲದ ಪಟ್ಟಿ ಸಾಕು. ಅದನ್ನು ನೋಯುವ ಎಲುಬಿನ ಮೇಲೆ ಕಟ್ಟುವುದೇ ಎಲ್ಲರೂ ಮಾಡುವ ತಪ್ಪು. ಎಲುಬಿನಿಂದ ಎರಡು ಬೆರಳು ಕೆಳಗೆ, ಮುಂಗೈಯ ಮಾಂಸಲವಾದ ಭಾಗದ ಮೇಲೆ ಅದು ಕೂಡಬೇಕು. ಮುಷ್ಟಿ ಬಿಗಿದಾಗ ಒತ್ತು ತಿಳಿಯಬೇಕು, ಸಡಿಲಿಸಿದಾಗ ಮರೆಯಬೇಕು. ಕಿರುಬೆರಳು ಜುಮ್ಮೆಂದರೆ ಕೂಡಲೇ ಸಡಿಲಿಸತಕ್ಕದ್ದು. ಮಲಗುವಾಗ ಬಿಚ್ಚಿಡಬೇಕು.

ಭಾರ ಎತ್ತುವವರೂ ಚೆಂಡು, ಭರ್ಜಿ ಎಸೆಯುವವರೂ ತೊಡುವ ಬಿಗಿಯಾದ ತೋಳುಚೀಲ ಕೀಲನ್ನು ಬೆಚ್ಚಗಿಟ್ಟು ಧೈರ್ಯ ಕೊಡುತ್ತದೆ. ಹರಿಯುವ ಕಟ್ಟನ್ನು ಅದು ತಡೆದು ನಿಲ್ಲಿಸಲಾರದು. ಸ್ಪರ್ಧೆಗೆ ಇಳಿಯುವವರು ಅಲ್ಲಿಯ ನಿಯಮವನ್ನು ಮೊದಲು ವಿಚಾರಿಸುವುದು ಒಳ್ಳೆಯದು. ಎಸೆಯುವ ಎಳೆಯ ಮಕ್ಕಳಿಗೆ ಒಳಮಗ್ಗುಲು ನೋಯುತ್ತಿದ್ದರೆ ಚೀಲ ತೊಡಿಸಿ ಆಡಿಸುವುದು ಸಲ್ಲದು. ಬೆಳೆಯುತ್ತಿರುವ ಎಲುಬು ಅದು, ವೈದ್ಯರು ನೋಡಬೇಕು.

ಇನ್ನು ಮೂರನೆಯ ದಾರಿ, ಕುಸ್ತಿ ಕಬಡ್ಡಿಗಳದು. ಚಾಚಿದ ಕೈಯ ಮೇಲೆ ಬಿದ್ದಾಗ ಕೀಲು ಹಿಮ್ಮುಖವಾಗಿ ಬಾಗುತ್ತದೆ, ಕೆಲವೊಮ್ಮೆ ತಪ್ಪಿಯೇ ಹೋಗುತ್ತದೆ. ನಾನು ತಂದ ತಿರುಗಣಿಯ ಪಟ್ಟಿ ಅಂಥ ಗಾಯ ಮಾಯುವ ಕಾಲಕ್ಕೆ, ವೈದ್ಯರು ಹೇಳಿದ ಮೇಲೆ ತೊಡತಕ್ಕದ್ದು. ಮೈಗೆ ಮೈ ತಾಗುವ ಆಟಕ್ಕೆ ತೊಟ್ಟು ಇಳಿಯುವ ವಸ್ತುವಲ್ಲ. ಬಿದ್ದ ಮೇಲೆ ತೋಳು ನೆಟ್ಟಗಾಗದಿದ್ದರೆ, ಬಾತುಕೊಂಡರೆ, ಬೆರಳು ಮರಗಟ್ಟಿದರೆ ಯಾವ ಪಟ್ಟಿಯನ್ನೂ ಹುಡುಕದೆ ಎಕ್ಸ್-ರೇಗೆ ಓಡಬೇಕು. ನಮ್ಮ ಹುಡುಗನಿಗೆ ಅಂಥದೇನೂ ಆಗಿರಲಿಲ್ಲ. ವಾಲಿಬಾಲಿಗೆ ಮೆತ್ತೆಯ ಚೀಲ. ಕುಸ್ತಿಗೆ ಒಂದೂವರೆ ತಿಂಗಳ ರಜೆ. ಅವನ ಮುಖ ಬಾಡಿತು.

ಡಾಕ್ಟರರು ಅವನನ್ನು ಸಮಾಧಾನಪಡಿಸಿದ ರೀತಿ ನನಗೆ ಮೆಚ್ಚಿಕೆಯಾಯಿತು. 2004ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದವರು ಬೆಂಗಳೂರಿನಲ್ಲಿ ಟೆಸ್ಟ್ ಆಡಿದಾಗ ಸಚಿನ್ ತೆಂಡೂಲ್ಕರ್ ತಂಡದಲ್ಲಿರಲಿಲ್ಲ; ಇದೇ ಟೆನಿಸ್ ಎಲ್ಬೋ ಅವರನ್ನು ಹೊರಗೆ ಕೂರಿಸಿತ್ತು. 2005ರಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯೇ ಆಗಬೇಕಾಯಿತು. ನೀರಜ್ ಚೋಪ್ರಾ ಅವರ ಬಲ ಮೊಣಕೈಗೆ 2019ರಲ್ಲಿ ಶಸ್ತ್ರಚಿಕಿತ್ಸೆಯಾಗಿ, ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಕಾದರು, ಅದೇ ತೋಳು 2021ರಲ್ಲಿ ಟೋಕಿಯೊದಲ್ಲಿ ಭರ್ಜಿಯನ್ನು 87.58 ಮೀಟರ್ ಎಸೆದು ಚಿನ್ನ ತಂದಿತು. "ಪಟ್ಟಿಗಳ ಕೊರತೆ ಅವರಿಗಿತ್ತೇನಪ್ಪಾ? ತಾಳ್ಮೆಯನ್ನು ಮಾತ್ರ ಅಂಗಡಿಯಲ್ಲಿ ಮಾರುವುದಿಲ್ಲ" ಎಂದರು.

ಇಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಅಷ್ಟರಲ್ಲಿ ಅಕ್ಕ ಮಗನಿಗೆ ನೀರು ಕೊಡಲೆಂದು ತಂಬಿಗೆಯನ್ನು ಬಲಗೈಯಲ್ಲಿ ಎತ್ತಹೋಗಿ, ಥಟ್ಟನೆ ಎಡಗೈಗೆ ಬದಲಾಯಿಸಿದಳು. ನಾನು ನೋಡಲಿಲ್ಲ, ಡಾಕ್ಟರರು ನೋಡಿದರು. ಅವಳ ಮಣಿಕಟ್ಟನ್ನು ಮೇಲೆತ್ತಿಸಿ ತಾವು ಕೆಳಕ್ಕೆ ಒತ್ತಿ ಹಿಡಿದಾಗ ಅವಳ ಕಣ್ಣಲ್ಲಿ ನೀರು ತುಂಬಿತು.

"ಎಷ್ಟು ದಿನವಾಯಿತಮ್ಮಾ?"

"ದೀಪಾವಳಿಯಿಂದ ಐತ್ರಿ. ದೊಡ್ಡ ಬ್ಯಾನಿ ಏನಲ್ಲ ಬಿಡ್ರಿ. ರೊಟ್ಟಿ ಬಡೀಬೇಕಾದ್ರ, ಕೊಡ ಎತ್ತಬೇಕಾದ್ರ, ಅರಿವಿ ಹಿಂಡಬೇಕಾದ್ರ ಅಷ್ಟ ಹಿಡೀತದ."

ಅಷ್ಟೇ ಅಂತೆ! ಅದರಾಚೆಗೆ ಅವಳ ದಿನದಲ್ಲಿ ಉಳಿಯುವುದಾದರೂ ಏನು? ರ್‍ಯಾಕೆಟ್ಟನ್ನು ಮುಟ್ಟಿಯೂ ನೋಡದ ನಮ್ಮ ಅಕ್ಕನಿಗೆ ಟೆನಿಸ್ ಎಲ್ಬೋ. ಈ ಬೇನೆ ಬರುವವರಲ್ಲಿ ಹೆಚ್ಚಿನವರು ಟೆನಿಸ್ ಆಡದವರೇ ಎಂದು ಡಾಕ್ಟರರು ಹೇಳಿದಾಗ ನನಗೆ ಆಶ್ಚರ್ಯವಾಯಿತು. 1873ರಲ್ಲಿ ರುಂಗೆ ಎಂಬ ಜರ್ಮನ್ ವೈದ್ಯನು ಇದನ್ನು ಮೊದಲು ವರ್ಣಿಸಿದ್ದು ಬರೆಯುವವರ ಕೈನೋವೆಂದು. ಟೆನಿಸ್ಸಿನ ಹೆಸರು ಅದಕ್ಕೆ ಅಂಟಿದ್ದು ಆಮೇಲೆ. ಆಡುವವರ ನೋವಿಗೆ ಹೆಸರೂ ಉಂಟು, ಪಟ್ಟಿಯೂ ಉಂಟು, ಅಂಗಡಿಯೂ ಉಂಟು. ದುಡಿಯುವವರ ನೋವಿಗೆ "ಬಿಡ್ರಿ" ಎಂಬ ಒಂದು ಮಾತು.

ಅಂದು ಕೊಂಡ ಎರಡು ಬೆರಳಗಲದ ಪಟ್ಟಿಯ ಬೆಲೆ ನನ್ನ ಕಬ್ಬಿಣದ ಸಾಧನದ ಕಾಲುಭಾಗವೂ ಆಗಲಿಲ್ಲ. ಪಟ್ಟಿ ನೋವನ್ನು ತಾಳಿಸುತ್ತದೆಯೇ ಹೊರತು ಮಾಯಿಸುವುದಿಲ್ಲ. ಬಿಡುವು ಬೇಕು, ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ಸಣ್ಣ ತೂಕದ ವ್ಯಾಯಾಮ ಬೇಕು, ತಿಂಗಳುಗಳು ಹಿಡಿದರೂ ಬೇಸರಪಡಬಾರದು ಎಂದು ಡಾಕ್ಟರರು ಎಚ್ಚರಿಸಿದರು. ಬಿಡುವಿಲ್ಲದ ಕೈಗೆ ಪಟ್ಟಿ ಕಟ್ಟುವುದೆಂದರೆ ಮೊಣಕೈಗೆ ಬೆಲ್ಲ ಸವರಿ ನೆಕ್ಕೆಂದ ಹಾಗೆ. ಅಕ್ಕನಿಗೆ ಬಿಡುವು ಕೊಡುವವರು ಯಾರು? ಒಂದೂವರೆ ತಿಂಗಳು ಕುಸ್ತಿಯಿಲ್ಲದೆ ಕುಳಿತವನೊಬ್ಬನು ಮನೆಯಲ್ಲಿಯೇ ಇದ್ದನಷ್ಟೆ. ಕೊಡದ ಭಾರಕ್ಕೆ ಅವನ ಎಡಗೈ ಗಟ್ಟಿಯಾಗಿಯೇ ಇತ್ತು. ಬಲಗೈ ಸುಧಾರಿಸಿದ ಮೇಲೆ ಹಿಟ್ಟೂ ಅವನ ಪಾಲಿಗೆ ಬಂತು.

ಮೊನ್ನೆ ಅಕ್ಕ ಫೋನಿನಲ್ಲಿ ಮಾತಾಡಿದಳು. ಧ್ವನಿಯಲ್ಲಿ ನಗೆಯಿತ್ತು.

"ನೀರು ಅಂವನ ತರತಾನ ತಮ್ಮಾ, ಹಿಟ್ಟೂ ನಾದತಾನ. ರೊಟ್ಟಿ ಒಂದು ದುಂಡಗ ಬರವಲ್ದು. ಬರ್ತದ ಬಿಡು, ಕಲೀತಾನ."