ಬಿಡುವಿನ ಕೈಗೆಲಸ: ಮಾತಾಡದ ಮನೆ

ಕಳೆದ ಸಂಚಿಕೆಯಲ್ಲಿ ಇಸ್ತ್ರಿಪೆಟ್ಟಿಗೆಯ ವಿಷಯ ಬರೆದಂದಿನಿಂದ ಸಂಘದ ಬಾಂಧವರು ನಾನು ಗುಮಾಸ್ತನೆಂಬುದನ್ನು ಮರೆತು ಮಿಸ್ತ್ರಿಯೆಂದೇ ಭಾವಿಸಿದ್ದಾರೆ. ಈ ಸಲ ಬಂದವರು ನನ್ನ ಸೋದರಮಾವ. ತಂದದ್ದು, ಮೂವತ್ತು ವರ್ಷ ಮುಂಬಯಿಯ ಆರ್ಕೆಸ್ಟ್ರಾಗಳಲ್ಲಿ ನುಡಿಸಿ ಮಕ್ಕಳನ್ನು ಓದಿಸಿದ ಹಳೆಯ ಜಪಾನಿ ಸಿಂಥಸೈಜರ್. (1982ರಲ್ಲಿ ಇದೇ ಮುಂಬಯಿಯ ಚರಣಜಿತ್ ಸಿಂಗ್ ಅವರು ರೋಲ್ಯಾಂಡ್ ಜ್ಯೂಪಿಟರ್-8ರಲ್ಲಿ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದರಲ್ಲ, ಆ ಕಾಲದ ವಾದ್ಯ.) ನಡುವಣ ಒಂದು ಬಿಳಿ ಮನೆ ಒತ್ತಿದರೆ ಸದ್ದಿಲ್ಲ. ಅಂಗಡಿಯವನೊಬ್ಬ "ಬೋರ್ಡೇ ಹೋಗಿದೆ, ತೂಕಕ್ಕೆ ಹಾಕಿ" ಎಂದನಂತೆ. ಮಾವ ಅದನ್ನು ನಮ್ಮ ಊಟದ ಮೇಜಿನ ಮೇಲಿಟ್ಟು, "ನೀನೊಮ್ಮೆ ನೋಡಪ್ಪಾ" ಎಂದು ಸುಮ್ಮನೆ ಕುಳಿತರು. ಅಂದು ನಾವೆಲ್ಲ ನೆಲದ ಮೇಲೆ ಉಂಡೆವು.

ಒಂದೇ ಮನೆ ಮೂಕವಾಗಿ ಉಳಿದವು ಹಾಡುತ್ತಿದ್ದರೆ ಬೋರ್ಡನ್ನು ದೂರಬಾರದು. ಮೊದಲು ಆ ಮನೆಯ ಸಂಪರ್ಕದ ಕೊಳೆ ತೆಗೆಯಬೇಕು, ತೆಗೆದೆ, ಫಲವಿಲ್ಲ. ಆಮೇಲೆ ಅದರ ಡಯೋಡ್. ಮನೆಗಳ ತಂತಿಗಳು ಅಡ್ಡ-ಉದ್ದ ಸಾಲುಗಳಲ್ಲಿ ಹೆಣೆದಿರುವುದರಿಂದ, ಒಂದರ ವಿದ್ಯುತ್ತು ಇನ್ನೊಂದಕ್ಕೆ ಹಿಂದಿರುಗಿ ನುಗ್ಗದಂತೆ ಪ್ರತಿ ಮನೆಗೂ ಒಂದು ಡಯೋಡ್ ಕಾವಲಿರುತ್ತದೆ. ಏಕಮುಖ ರಸ್ತೆಯ ಪೋಲೀಸನೆನ್ನಿ. ಅದು ತುಂಡಾದರೆ ಮನೆ ಮೂಕ. ಎರಡೂ ಕಡೆ ಬಿಟ್ಟರೆ ಮೂರು ಮನೆ ಒತ್ತಿದಾಗ ಒತ್ತದ ನಾಲ್ಕನೆಯದೂ ಕೂಗೀತು.

ನೋಡಲು ಅದು ಅಕ್ಕಿಕಾಳಿನಂಥ ಗಾಜಿನ ಮಣಿ. ಪಟ್ಟಿಯಿರುವ ತುದಿ ಕ್ಯಾಥೋಡ್. ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಪಟ್ಟಿಯ ಕಡೆಗೆ ಕಪ್ಪು ಕಡ್ಡಿ, ಇನ್ನೊಂದು ಕಡೆಗೆ ಕೆಂಪು ಹಿಡಿಯಬೇಕು. ಸಿಲಿಕಾನಿನದಾದರೆ 0.6ರಿಂದ 0.7 ವೋಲ್ಟ್ ತೋರುತ್ತದೆ. ಕಡ್ಡಿ ಅದಲುಬದಲಾದರೆ ದಾರಿಯಿಲ್ಲವೆನ್ನುತ್ತದೆ. ಜರ್ಮೇನಿಯಂ ಆದರೆ 0.2-0.3; ಅದನ್ನು ಕೆಟ್ಟಿತೆಂದು ಕೀಳಬೇಡಿ. ಎರಡೂ ಕಡೆ ಸೊನ್ನೆಯ ಹತ್ತಿರವಾದರೆ, ಅಥವಾ ಎರಡೂ ಕಡೆ ದಾರಿಯಿಲ್ಲವಾದರೆ, ಸತ್ತಿತೆಂದೇ ಅರ್ಥ.

ಆದರೆ ಬೋರ್ಡಿನಲ್ಲಿರುವಾಗಲೇ ಅಳೆದರೆ ನೆರೆಯ ಭಾಗಗಳು ಸುಳ್ಳುಸಾಕ್ಷಿ ಹೇಳುತ್ತವೆ. ಈ ಅವಸರದಲ್ಲಿ ಎರಡು ಒಳ್ಳೆಯ ಡಯೋಡುಗಳನ್ನು ಕಿತ್ತ ಪಾಪ ನನ್ನದು. ಒಂದು ಕಾಲನ್ನು ಬೆಸುಗೆಯಿಂದ ಬಿಡಿಸಿಯೇ ಅಳೆಯಬೇಕು. ಇನ್ನೊಂದು ಮೋಸ ಝೀನರಿನದು. ಅದೇ ಗಾಜಿನ ಮಣಿ, ಮೀಟರಿನಲ್ಲಿಯೂ ಹೆಚ್ಚಾಗಿ ಅದೇ ಅಂಕಿ; ಆದರೆ ಅದು ಹಿಮ್ಮುಖವಾಗಿ ನಿಗದಿತ ವೋಲ್ಟೇಜಿನಲ್ಲಿ ತೆರೆಯುವ ಜಾತಿ. ಮೈಮೇಲಿನ ಸಂಖ್ಯೆ ಓದದೆ ಅದರ ಜಾಗಕ್ಕೆ ಬೇರೆ ಹಾಕಿದರೆ ವಾದ್ಯವೇ ಸುಟ್ಟೀತು.

ನಮ್ಮದು ಎರಡೂ ಕಡೆ ತೆರೆದಿತ್ತು. ಲ್ಯಾಮಿಂಗ್ಟನ್ ರಸ್ತೆಯಿಂದ 1ಎನ್4148 ಒಂದನ್ನು ತಂದು, ಪಟ್ಟಿ ಹಳೆಯದರ ದಿಕ್ಕಿಗೇ ಬರುವಂತೆ ಬೆಸೆದೆ. ಟ್ಯಾಕ್ಸಿಗೆ ಮಾವ ಕೊಟ್ಟ ಹಣದಲ್ಲಿ ಇಂಥವು ನೂರು ಬರುತ್ತಿದ್ದವೋ ಏನೋ.

ಮಾವ ಆ ಒಂದೇ ಮನೆಯನ್ನು ಹತ್ತಾರು ಸಲ ಒತ್ತಿದರು, ಬೇರೇನೂ ನುಡಿಸಲಿಲ್ಲ. ಕಾಫಿ ಆರಿಹೋಯಿತು. ರಾಜ್ಯೋತ್ಸವಕ್ಕೆ ನುಡಿಸಲು ಒಪ್ಪಿದ್ದಾರೆ.

ಮುಂದಿನ ಸಂಚಿಕೆಗೆ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕಳಿಸಿ. ಸಾಮಾನನ್ನು ಮಾತ್ರ ತರಬಾರದೆಂದು ಮನೆಯಾಕೆಯ ಅಪ್ಪಣೆಯಾಗಿದೆ.